ಡೇಟಮ್ಮನ ಡೇಟು

ಹೇಳಿದ ದಿನಕ್ಕೆ ಬಟ್ಟೆ ಹೊಲಿದುಕೊಡುವ ದರ್ಜಿಯನ್ನು ನೋಡಿದ್ದೀರಾ ಎಂದು ಯಾರನ್ನಾದರೂ ಕೇಳಿ, ನಕ್ಕುಬಿಡುತ್ತಾರೆ. ‘ನಾಳೆ ಬನ್ನಿ, ಕಾಜ ಒಂದೇ ಬಾಕಿ’ ಎನ್ನುವುದು ಆ ಕಸುಬಿನ ಮಾಮೂಲಿ ಮಾತು. ನಾಳೆ ಹೋದರೆ ನಮ್ಮ ಬಟ್ಟೆ ಕೊಟ್ಟ ಚೀಲದಿಂದ ಈಚೆಗೇ ಬಂದಿರುವುದಿಲ್ಲ. ಅಂಥ ಕಸುಬಿನಲ್ಲಿದ್ದೂ ಇವಳೊಬ್ಬಳು ಬಾಯಿಂದ ಬಂದ ದಿನಕ್ಕೆ ಬಟ್ಟೆಯನ್ನು ಇಸ್ತ್ರಿ ಮಾಡಿ, ಗುಂಡಿ ಹಾಕಿ, ಮಡಿಸಿ ಕೈಗಿಡುತ್ತಿದ್ದಳು. ಕೊಟ್ಟ ಡೇಟ್ ತಪ್ಪದವಳೆಂದು ಗಿರಾಕಿಗಳು ಅವಳಿಗೆ ಡೇಟಮ್ಮ ಎಂದು ಹೆಸರಿಟ್ಟರು. ಮೊದಲು ತಮಾಷೆಗೆ ಇಟ್ಟದ್ದು, ಆಮೇಲೆ ಅದೇ ಹೆಸರಾಗಿ ನಿಂತಿತು.

ಬೀಗದ ಕೈ ಮಾಡುವವನ ಗೂಡಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒಂದೇ ಷಟರಿನ ಅಂಗಡಿ ಅವಳದು. ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿ ಮಾಡಿದ ಮೇಜಿನ ಮೇಲೆ ಕತ್ತರಿಸುವ ಕೆಲಸ. ಒಂದು ಮೆಷಿನ್ನು ಅವಳದು, ಇನ್ನೊಂದು ಸಹಾಯಕ್ಕಿದ್ದ ಕಾಜದಕ್ಕನದು. ಕಾಜ ಹಾಕುವುದು, ಅಂಚು ಮಡಿಸುವುದು, ಗುಂಡಿ ಹಚ್ಚುವುದು ಕಾಜದಕ್ಕನ ಪಾಲು. ಕತ್ತರಿಯನ್ನು ಮಾತ್ರ ಡೇಟಮ್ಮ ಯಾರ ಕೈಗೂ ಕೊಡುತ್ತಿರಲಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಮತ್ತೆ ಕೂಡಿಸುವುದು ಯಾರಪ್ಪನಿಂದಲೂ ಆಗುವುದಿಲ್ಲ ಎನ್ನುತ್ತಿದ್ದಳು. ಮದುವೆಗೆ ಮುಂಚೆ ಇನ್ನೊಬ್ಬರ ಅಂಗಡಿಯಲ್ಲಿ ನೆಲ ಗುಡಿಸಿ, ಗುಂಡಿ ಹಚ್ಚಿ, ಬೈಸಿಕೊಂಡು ಕಲಿತು ಕಟ್ಟಿದ ಅಂಗಡಿ ಅದು. ಆ ಷಟರನ್ನು ಬೆಳಿಗ್ಗೆ ಮೇಲಕ್ಕೆ ಎತ್ತುವಾಗ ಅವಳಿಗೆ ಆಗುವ ಖುಷಿ ಗಂಡನನ್ನು ನೋಡಿದಾಗಲೂ ಆಗುತ್ತಿರಲಿಲ್ಲ, ಅದನ್ನು ಅವಳು ಅವನೆದುರಿಗೇ ಹೇಳಿದ್ದಳು.

ಮೂರು ವರ್ಷದ ಹಿಂದೆ ಒಂದು ದಿನ ಅವಳ ಬಲಗಾಲು ಕೈಕೊಟ್ಟಿತು. ಕಾಲು ಕೈಕೊಡುವುದೆಂದರೇನು ಎಂದು ಆಮೇಲೆ ಅವಳೇ ನಗಾಡಿದ್ದುಂಟು, ಅವತ್ತು ಮಾತ್ರ ನಗು ಬರಲಿಲ್ಲ. ಪೆಡಲಿನ ಮೇಲೆ ಕಾಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ವಾರ ಕಳೆಯುವಷ್ಟರಲ್ಲಿ ಕಣ್ಣು ಮಂಜಾಯಿತು, ಸೀಮೆಸುಣ್ಣದ ಗೆರೆ ಒಂದಿದ್ದದ್ದು ಎರಡಾಯಿತು, ಬೆರಳ ತುದಿಯಲ್ಲಿ ಇರುವೆ ಹರಿದಂತೆ ಆಗತೊಡಗಿತು. ಸ್ಕ್ಯಾನು, ಬೆನ್ನಿಗೆ ಸೂಜಿ, ರಕ್ತಪರೀಕ್ಷೆ ಎಲ್ಲ ಆಗಿ ಕಡೆಗೆ ನರದ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಮಲ್ಟಿಪಲ್ ಸ್ಕ್ಲೀರೋಸಿಸ್, ಚಿಕ್ಕದಾಗಿ ಎಂಎಸ್. ಅತ್ತೆಯ ಬಾಯಲ್ಲಿ ಅದು ಎಮ್ಮೆಸ್ಸು ಆಯಿತು, ಅತ್ತೆಯ ಬಾಯಿಂದ ಕೇಳಿದ ಪಕ್ಕದ ಮನೆಯವರು ಎಮ್ಮೆ ಕಾಯಿಲೆ ಎಂದರು. ದಪ್ಪಗಿಲ್ಲದ, ಕಪ್ಪಗಿಲ್ಲದ ತನಗೆ ಈ ಹೆಸರು ಯಾಕೆ ಬಂತೆಂದು ಡೇಟಮ್ಮನಿಗೆ ಸಿಟ್ಟು ಬಂದದ್ದು ಕಾಯಿಲೆಯ ಮೇಲಲ್ಲ, ಪಕ್ಕದ ಮನೆಯವರ ಮೇಲೆ.

ಅವಳ ಗಂಡ ಎಲೆಕ್ಟ್ರಿಷಿಯನ್. “ನರದ ಮೇಲೆ ಒಂದು ಹೊದಿಕೆ ಇರುತ್ತೆ, ವೈರಿಗೆ ಇನ್ಸುಲೇಷನ್ ಇರೋ ಹಾಗೆ. ಈ ಕಾಯಿಲೆಯಲ್ಲಿ ಮೈಯೇ ಅದನ್ನ ಅಲ್ಲಲ್ಲಿ ತಿಂದುಹಾಕುತ್ತೆ,” ಎಂದು ಡಾಕ್ಟರು ಹೇಳಿದ್ದೇ ತಡ, ಅವನ ಮುಖ ಅರಳಿತು. ಅಲ್ಲಿಂದಾಚೆಗೆ ಹೆಂಡತಿಯ ಕಾಯಿಲೆ ಅವನ ಇಲಾಖೆಗೆ ಸೇರಿಹೋಯಿತು. ಮನೆಗೆ ಬಂದವರಿಗೆಲ್ಲ ಒಂದು ತುಂಡು ವೈರು ತಂದು, ಬ್ಲೇಡಿನಲ್ಲಿ ಮೇಲಿನ ಪದರ ಕೆರೆದು, “ನೋಡಿ, ಇಷ್ಟೇ. ಲೋಡ್ ಜಾಸ್ತಿ ಆಗಬಾರದು ಅಷ್ಟೇ,” ಎಂದು ತೋರಿಸುತ್ತಿದ್ದ. ಮನುಷ್ಯ ಒಳ್ಳೆಯವನೇ. ಅವಳ ಕಾಲು ತಿಕ್ಕುವವನು ಅವನೇ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವನೂ ಅವನೇ. ಅವನದೊಂದೇ ಕಷ್ಟ, ಹೆಂಡತಿ ಬಾಯಿ ತೆರೆಯುವುದಕ್ಕೆ ಮೊದಲೇ ಅವನ ಬಾಯಿ ತೆರೆದಿರುತ್ತಿತ್ತು.

ಔಷಧಿ ಹಿಡಿಯಿತು. ತಿಂಗಳಿನ ಬಹುಪಾಲು ಡೇಟಮ್ಮ ಮೊದಲಿನ ಹಾಗೆಯೇ ಕತ್ತರಿ ಆಡಿಸುತ್ತಿದ್ದಳು. ಆದರೆ ಮುಟ್ಟಾಗುವುದಕ್ಕೆ ಮುಂಚಿನ ಮೂರು ನಾಲ್ಕು ದಿನ ಬಂತೆಂದರೆ ಹಳೆಯದೆಲ್ಲ ಬಾಗಿಲು ತಟ್ಟುತ್ತಿತ್ತು. ಕಾಲು ಮರದ ತುಂಡಾಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು, ಇಸ್ತ್ರಿಪೆಟ್ಟಿಗೆಯ ಬಿಸಿ ಮೈಗೆ ತಾಗಿದರೆ ಕುಸಿದು ಕೂರುವಂತಾಗುತ್ತಿತ್ತು. ಮುಟ್ಟು ಶುರುವಾಗಿ ಒಂದೆರಡು ದಿನಕ್ಕೆ ಎಲ್ಲವೂ ತಾನಾಗಿ ಇಳಿಯುತ್ತಿತ್ತು. ಪ್ರತಿ ತಿಂಗಳೂ ಇದೇ ಗೋಳು ನೋಡಿ ನೋಡಿ, ಒಂದಕ್ಕೂ ಇನ್ನೊಂದಕ್ಕೂ ಏನೋ ನಂಟಿದೆ ಎಂಬುದು ಅವಳಿಗೆ ಬಹಳ ಬೇಗ ಹೊಳೆಯಿತು. ಹೊಳೆಯದೆ ಇರಲು ಅವಳೇನು ದಡ್ಡಿಯಲ್ಲ.

ಅದನ್ನು ಹೇಳುವುದು ಹೇಗೆ ಎನ್ನುವುದೇ ಪ್ರಶ್ನೆ. ಅವಳ ತಾಯಿ ಮುಟ್ಟಿಗೆ ‘ದೂರ’ ಎನ್ನುತ್ತಿದ್ದಳು, ಅದೂ ಪಿಸುಮಾತಿನಲ್ಲಿ. ಗಂಡನಿಗೆ ಇವಳು ‘ಆಗಿದೆ’ ಎನ್ನುತ್ತಿದ್ದಳು; ಏನು ಆಗಿದೆ ಎಂದು ಅವನು ಕೇಳುತ್ತಿರಲಿಲ್ಲ, ಇವಳೂ ಬಿಡಿಸಿ ಹೇಳುತ್ತಿರಲಿಲ್ಲ, ಸಂಸಾರ ನಡೆದಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ತಂಗಿ ಮಾತ್ರ ‘ಡೇಟ್’ ಎನ್ನುತ್ತಿದ್ದಳು. ‘ಅಕ್ಕಾ, ನಂದು ಡೇಟ್ ಹತ್ರ ಇದೆ, ಬರಲ್ಲ,’ ಎಂದು ಫೋನಿನಲ್ಲಿ ಹೇಳುವಾಗ ಅದೆಷ್ಟು ಸಲೀಸಾಗಿ ಕೇಳುತ್ತಿತ್ತು. ಇಂಗ್ಲಿಷ್ ಮಾತು, ಮರ್ಯಾದಸ್ಥರ ಮಾತು, ಡಾಕ್ಟರ ಕೋಣೆಗೆ ಒಪ್ಪುವ ಮಾತು ಎಂದುಕೊಂಡು ಡೇಟಮ್ಮ ಅದನ್ನೇ ಆರಿಸಿಕೊಂಡಳು. ಇಡೀ ಊರಿಗೆ ಡೇಟ್ ಕೊಡುವ ಹೆಂಗಸು ಬೇರೆ ಮಾತನ್ನು ಹುಡುಕಬೇಕಿತ್ತು. ಯಾರ ಗ್ರಹಚಾರವೋ, ಅದು ಅವಳ ತಲೆಗೆ ಹೋಗಲಿಲ್ಲ.

“ಯಾವಾಗ ಜಾಸ್ತಿ ಆಗುತ್ತಮ್ಮ?” ಎಂದು ಡಾಕ್ಟರು ಕೇಳಿದರು.

“ಡೇಟ್ ಹತ್ರ ಬಂದಾಗ ಸಾರ್,” ಎಂದಳು, ಮೇಜಿನ ಮೇಲಿನ ಪೆನ್ನಿನ ಸ್ಟ್ಯಾಂಡನ್ನು ನೋಡುತ್ತ.

“ಏನು ಕೆಲಸ ನಿಮ್ದು?”

ಇವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಗಂಡ ಶುರುಮಾಡಿದ. “ಟೈಲರ್ ಸಾರ್. ಡೇಟ್ ಅಂದ್ರೆ ಪ್ರಾಣ ಇವಳಿಗೆ. ಜನ ಡೇಟಮ್ಮ ಅಂತಾನೇ ಕರೆಯೋದು.”

ತನ್ನ ಮುಜುಗರ ತಪ್ಪಿಸಲು ಗಂಡ ಮಾತನ್ನು ಬೇರೆ ಕಡೆ ತಿರುಗಿಸಿದ ಎಂದುಕೊಂಡಳು ಡೇಟಮ್ಮ. ಹದಿನೈದು ವರ್ಷದ ದಾಂಪತ್ಯದಲ್ಲಿ ಮೊದಲ ಬಾರಿಗೆ ಅವನ ಸೂಕ್ಷ್ಮಕ್ಕೆ ಮೆಚ್ಚಿದಳು. ಡಾಕ್ಟರು ನಕ್ಕು ಏನೋ ಬರೆದುಕೊಂಡು, “ಅದನ್ನೇ ತಲೆಗೆ ಹಚ್ಕೋಬೇಡಿ. ಆಗ್ಲಿಲ್ಲ ಅಂದ್ರೆ ಡೇಟ್ ಸ್ವಲ್ಪ ಮುಂದಕ್ಕೆ ಹಾಕಿ,” ಎಂದರು.

ಮುಂದಕ್ಕೆ ಹಾಕುವುದು. ಅದಕ್ಕೂ ಮಾತ್ರೆ ಇದೆ ಎಂದು ತಂಗಿ ಹೇಳಿದ್ದು ನೆನಪಿತ್ತು. ಆದರೆ ಡಾಕ್ಟರು ಕೊಟ್ಟ ಚೀಟಿಯಲ್ಲಿ ಅಂಥ ಮಾತ್ರೆ ಇರಲಿಲ್ಲ. ಮುಂದಿನ ಸಲ ಗಂಡ ಹೊರಗೆ ಫೋನಿನಲ್ಲಿ ಯಾರದೋ ಮನೆಯ ಫ್ಯೂಸು ಸರಿಮಾಡಿಸುತ್ತಿದ್ದಾಗ ಧೈರ್ಯ ಮಾಡಿ ಕೇಳಿಯೂ ಬಿಟ್ಟಳು. “ಸಾರ್, ಡೇಟ್ ಮುಂದಕ್ಕೆ ಹಾಕೋಕೆ ಮಾತ್ರೆ ಕೊಡ್ತೀರಾ?”

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. “ಅದಕ್ಕೆ ಮಾತ್ರೆ ಯಾಕಮ್ಮ? ಸ್ವಲ್ಪ ಧೈರ್ಯ ಬೇಕು ಅಷ್ಟೇ. ಈ ತಿಂಗಳು ಆಗಲ್ಲ ಅಂತ ಬಾಯಿಬಿಟ್ಟು ಹೇಳಿಬಿಡಿ.”

ಯಾರಿಗೆ ಹೇಳುವುದು? ಗರ್ಭಕೋಶಕ್ಕೆ? ಡೇಟಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಓದಿದ ಮನುಷ್ಯ, ಹೆಂಗಸರ ಮೈಯನ್ನು ಕರೆಂಟ್ ಬಿಲ್ ಕಟ್ಟುವ ಕೌಂಟರ್ ಎಂದುಕೊಂಡಿದ್ದಾನೆ, ನಾಳೆ ಬಾ ಎಂದರೆ ನಾಳೆ ಬರುತ್ತದೆ ಎಂದು. ಇಲ್ಲಾದರೂ ಅವಳಿಗೆ ಅನುಮಾನ ಬರಬೇಕಿತ್ತು, ಖಂಡಿತ ಬರಬೇಕಿತ್ತು. ಆದರೆ ಗಂಡಸರು ಈ ವಿಷಯದಲ್ಲಿ ಎಷ್ಟು ಪೆದ್ದುಪೆದ್ದಾಗಿ ಮಾತಾಡಿದರೂ ಆಶ್ಚರ್ಯಪಡಬಾರದು ಎಂದು ಅವಳಿಗೆ ಚಿಕ್ಕಂದಿನಿಂದ ಅಭ್ಯಾಸವಾಗಿತ್ತು. ಹಾಗಾಗಿ ಆಶ್ಚರ್ಯಪಡಲಿಲ್ಲ, ಸಿಟ್ಟು ಮಾಡಿಕೊಂಡು ಎದ್ದುಬಂದಳು.

ಡಾಕ್ಟರು ಟೆನ್ಷನ್ನಿಗೆಂದು ಒಂದು ಮಾತ್ರೆ ಬರೆದರು. ಅದನ್ನು ನುಂಗಿ ಮೆಷಿನ್ನಿನ ಮುಂದೆ ಕೂತರೆ ಕಣ್ಣು ಎಳೆಯುತ್ತಿತ್ತು, ಕಾಲರ್ ಹೊಲಿಯುತ್ತ ಹೊಲಿಯುತ್ತ ತೂಕಡಿಸುತ್ತಿದ್ದಳು. ಎರಡು ಸಲ ಕಣ್ಣಿನ ಮಂಜು ಹೆಚ್ಚಾಯಿತೆಂದು ಸ್ಟೀರಾಯ್ಡ್ ಡ್ರಿಪ್ ಹಾಕಿಸಿಕೊಂಡು ಬಂದದ್ದೂ ಆಯಿತು. ಹಾಸಿಗೆ ಸಿಕ್ಕಿ, ಬಾಟಲಿ ಏರಿಸುವ ಹೊತ್ತಿಗೆ ಮುಟ್ಟು ಶುರುವಾಗಿ ಕಣ್ಣು ತಾನಾಗಿ ತಿಳಿಯಾಗುತ್ತಿತ್ತು. ಹೊಗಳಿಕೆ ಮಾತ್ರ ಡ್ರಿಪ್ಪಿಗೆ ಹೋಗುತ್ತಿತ್ತು. ಆಮೇಲೆ ವಾರಗಟ್ಟಲೆ ನಿದ್ದೆಯಿಲ್ಲ, ಮುಖ ಊದಿಕೊಂಡು ಕನ್ನಡಿಯಲ್ಲಿ ಯಾರೋ ಬೇರೆಯವಳು. “ಡೇಟ್ ಹತ್ರ ಬಂದ್ರೆ ಹೀಗೇ ಸಾರ್,” ಎಂದು ಅವಳು ಹೋದಾಗಲೆಲ್ಲ ಹೇಳಿದಳು. “ನಾನು ಹೇಳಿದ್ದು ನೀವು ಕೇಳ್ತಾನೇ ಇಲ್ಲ,” ಎಂದು ಅವರೂ ಹೋದಾಗಲೆಲ್ಲ ಹೇಳಿದರು.

ಹೀಗಿರುವಾಗ ಶಾಲೆಯ ಹೆಡ್‌ಮಿಸ್ಸು ತಮ್ಮ ಬೀಳ್ಕೊಡುಗೆ ಸಮಾರಂಭಕ್ಕೆಂದು ಒಂದು ಕೋಟು ಹೊಲಿಯಲು ಕೊಟ್ಟರು. ಬೂದು ಬಣ್ಣದ ದುಬಾರಿ ಉಣ್ಣೆಯ ಬಟ್ಟೆ, ಅವರೇ ಆರಿಸಿ ತಂದದ್ದು. ಡೇಟಮ್ಮ ಡೇಟ್ ಕೊಟ್ಟಳು. ಕತ್ತರಿಸುವ ದಿನ ಸರಿಯಾಗಿ ಆ ಕೆಟ್ಟ ದಿನಗಳಲ್ಲೇ ಬಂತು. ಎರಡೆರಡಾಗಿ ಕಾಣುವ ಗೆರೆಯಲ್ಲಿ ನಿಜವಾದದ್ದು ಯಾವುದು ಎಂದು ಒಂದು ಕಣ್ಣು ಮುಚ್ಚಿ ನೋಡುತ್ತ, ಹಲ್ಲು ಕಚ್ಚಿ ಕತ್ತರಿಸಿದಳು. ಒಂದು ತೋಳು ಕತ್ತರಿಸಿದ ಮೇಲೆ ಮಾದರಿ ಕಾಗದವನ್ನು ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ಕಲಿಯಲು ಬಂದವರಿಗೆ ಮೊದಲ ವಾರ ಹೇಳಿಕೊಡುವ ಪಾಠ ಅದು. ಅವಳು ಮಗುಚಲಿಲ್ಲ. ಕಾಜದಕ್ಕ ತೋಳುಗಳನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, “ಅಕ್ಕಾ, ಎರಡೂ ಎಡಗೈದೇ,” ಎಂದಳು.

ಇನ್ನೊಂದು ತೋಳಿಗೆ ಬಟ್ಟೆ ಮಿಕ್ಕಿರಲಿಲ್ಲ. ಡೇಟಮ್ಮ ಸ್ಟೂಲಿನ ಮೇಲೆ ಕೂತು ಅತ್ತಳು. ಅವಳು ಕೊಟ್ಟ ಡೇಟ್ ತಪ್ಪಿದ್ದು ಅದೇ ಮೊದಲು. ಹೆಡ್‌ಮಿಸ್ಸು ಹಳೆಯ ಕೋಟು ಹಾಕಿಕೊಂಡೇ ಸಮಾರಂಭ ಮುಗಿಸಿದರು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಸುದ್ದಿ ಕೇಳಿದ ಗಂಡ ಆ ಸಂಜೆಯೇ ತೀರ್ಮಾನಕ್ಕೆ ಬಂದ. ಲೋಡ್ ಜಾಸ್ತಿಯಾಗಿದೆ, ಮೇನ್ ಸ್ವಿಚ್ ಆರಿಸಬೇಕು. ಅಂದರೆ ಅಂಗಡಿ ಮುಚ್ಚಬೇಕು. “ನಿನ್ನ ಕಾಲು ಕಣ್ಣು ಉಳಿದ್ರೆ ಸಾಕು ನಂಗೆ. ಮನೆಯಲ್ಲಿ ಆರಾಮಾಗಿರು,” ಎಂದ. ಅವನ ಕಣ್ಣಲ್ಲಿ ನೀರಿತ್ತು. ಅತ್ತೂಕರೆದು ಅಂಗಡಿ ಕಸಿಯುವವನ ಜೊತೆ ಜಗಳವಾಡುವುದು ಹೇಗೆ? ಅವಳು ಬೇಡ ಎಂದಳು, ಅವನು ಸೊಪ್ಪು ಹಾಕಲಿಲ್ಲ. ಪಕ್ಕದ ರಸ್ತೆಯ ಡ್ರೈಕ್ಲೀನಿಂಗಿನವನಿಗೆ ಮುಖ್ಯರಸ್ತೆಯಲ್ಲಿ ಜಾಗ ಬೇಕಿತ್ತು. ಗಂಡ ಅವನಿಗೆ ಮಾತು ಕೊಟ್ಟೇಬಿಟ್ಟ.

ಎರಡೇ ದಿನದಲ್ಲಿ ಡ್ರೈಕ್ಲೀನಿಂಗಿನವನು ಜಾಗದ ಅಳತೆ ನೋಡಲು ಬಂದ. ಹುರಿಮೀಸೆಯ, ದಪ್ಪ ದನಿಯ ಮನುಷ್ಯ. ಗಂಡ ಟೇಪಿನ ಒಂದು ತುದಿ ಹಿಡಿದ, ಅವನು ಇನ್ನೊಂದು ತುದಿ. ಬಾಯ್ಲರು ಇಲ್ಲಿ, ಹ್ಯಾಂಗರಿನ ಸಾಲು ಅಲ್ಲಿ ಎಂದು ಲೆಕ್ಕ ಹಾಕುತ್ತಿದ್ದರು. ಡೇಟಮ್ಮ ಮೆಷಿನ್ನಿನ ಹಿಂದೆ ಹಲ್ಲು ಕಡಿಯುತ್ತ ಕೂತಿದ್ದಳು. ತನ್ನ ಅಂಗಡಿಯ ಅಳತೆಯನ್ನು ತನ್ನೆದುರಿಗೇ ಇನ್ನೊಬ್ಬರು ತೆಗೆಯುವುದನ್ನು ನೋಡಬೇಕಾಗಿ ಬಂದ ದರ್ಜಿ ಅವಳು.

“ಇಷ್ಟು ಚೆನ್ನಾಗಿ ನಡೀತಿರೋ ಅಂಗಡಿ ಯಾಕಣ್ಣ ಬಿಡ್ತಿದ್ದೀರಿ?” ಎಂದು ಡ್ರೈಕ್ಲೀನಿಂಗಿನವನು ಕೇಳಿದ.

“ಏನ್ಮಾಡೋದು, ಇವಳ ಆರೋಗ್ಯ. ಡಾಕ್ಟ್ರ ಮುಂದೆ ಇವಳೇ ಬಾಯಾರೆ ಹೇಳಿದ್ದಾಳೆ. ಡೇಟ್ ಹತ್ರ ಬಂದಾಗೆಲ್ಲ ಕಾಲು ಸೋಲುತ್ತೆ, ಕಣ್ಣು ಮಂಜಾಗುತ್ತೆ ಅಂತ.”

ಡೇಟಮ್ಮನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಅಲ್ಲ, ಈ ಮನುಷ್ಯನಿಗೆ ನಾಚಿಕೆ ಎನ್ನುವುದು ಸ್ವಲ್ಪವಾದರೂ ಇದೆಯೇ? ಹೆಂಡತಿಯ ಮುಟ್ಟಿನ ವಿಷಯ ಬೀದಿಯ ಡ್ರೈಕ್ಲೀನಿಂಗಿನವನ ಮುಂದೆ? ಕಾಜದಕ್ಕ ಬೆರಳಿಗೆ ಸೂಜಿ ಚುಚ್ಚಿಕೊಂಡು ಹಾ ಎಂದಳು.

ಡ್ರೈಕ್ಲೀನಿಂಗಿನವನು ಗಂಭೀರವಾಗಿ ತಲೆಯಾಡಿಸಿದ. “ನಿಜ ಅಣ್ಣ. ನಂಗೂ ಮೊದ್ಲು ಹಂಗೇ. ಡೇಟ್ ಹತ್ರ ಬಂದ್ರೆ ಎದೆ ಡವಡವ ಅಂತಿತ್ತು, ಊಟ ಸೇರ್ತಿರ್ಲಿಲ್ಲ.”

ಹುರಿಮೀಸೆಯ ಆ ಮುಖವನ್ನು ಡೇಟಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು.

“ಈಗ ನಾನು ಯಾರಿಗೂ ಡೇಟೇ ಕೊಡಲ್ಲ ಅಕ್ಕಾ,” ಎಂದ ಅವನು, ಅವಳ ಕಡೆ ತಿರುಗಿ. “ಬಟ್ಟೆ ಒಗೆದಾಗ ಬಂದು ತಗೊಂಡು ಹೋಗಿ ಅಂತೀನಿ. ಎಷ್ಟು ನೆಮ್ಮದಿ ಗೊತ್ತಾ.”

ಆಗ ಹೊಳೆಯಿತು. ಒಂದೇ ಏಟಿಗೆ ಮೂರು ವರ್ಷದ ಮಾತುಗಳೆಲ್ಲ ಸಾಲಾಗಿ ಎದುರಿಗೆ ಬಂದು ನಿಂತವು. ಮುಂದಕ್ಕೆ ಹಾಕಿ. ತಲೆಗೆ ಹಚ್ಚಿಕೊಳ್ಳಬೇಡಿ. ಆಗಲ್ಲ ಅಂತ ಬಾಯಿಬಿಟ್ಟು ಹೇಳಿ. ಡಾಕ್ಟರು ಹೇಳುತ್ತಿದ್ದದ್ದು ಗಿರಾಕಿಗೆ ಕೊಡುವ ಡೇಟು. ಗಂಡ ಮುಜುಗರ ತಪ್ಪಿಸಿದ್ದೂ ಅಲ್ಲ, ಸೂಕ್ಷ್ಮವೂ ಅಲ್ಲ, ಮಣ್ಣೂ ಅಲ್ಲ.

ಗಂಡಸರಿಬ್ಬರೂ ಟೇಪು ಸುತ್ತಿಕೊಂಡು ಹೋದಮೇಲೆ ಕಾಜದಕ್ಕ ಮೆಷಿನ್ನಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ನಿಮಗಾದ್ರೆ ಅರ್ಥ ಆಗಿತ್ತಾ, ನಾನು ಹೇಳ್ತಿದ್ದಿದ್ದು ಯಾವ ಡೇಟು ಅಂತ?” ಎಂದು ಡೇಟಮ್ಮ ಕೇಳಿದಳು.

“ಅಯ್ಯೋ, ಹೆಂಗಸರಿಗೆ ಅರ್ಥ ಆಗದೆ ಇರುತ್ತಾ? ಡಾಕ್ಟ್ರಿಗೂ ಆಗಿರುತ್ತೆ ಅಂದ್ಕೊಂಡಿದ್ದೆ,” ಎಂದಳು ಕಾಜದಕ್ಕ. ಡೇಟಮ್ಮ ನಗಲಿಲ್ಲ. ನುಂಗಿದ ಮಾತ್ರೆ, ಊದಿದ ಮುಖ, ಗೋಡೆಯ ಮೊಳೆಗೆ ನೇತುಬಿದ್ದಿದ್ದ ಎರಡು ಎಡಗೈ ತೋಳು, ಎಲ್ಲದರ ಮೇಲೂ ಅವಳಿಗೆ ಪಿತ್ತ ನೆತ್ತಿಗೇರಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ನಾಲಿಗೆಯ ಮೇಲೆ.

ಮನೆಗೆ ಹೋಗಿ ಗಂಡನನ್ನು ಅಡುಗೆಮನೆಗೆ ಕರೆದಳು. ಅತ್ತೆ ಅಲ್ಲೇ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು.

“ರೀ, ಡಾಕ್ಟ್ರ ಹತ್ರ ನಾನು ಹೇಳಿದ ಡೇಟು ಆ ಡೇಟಲ್ಲ.”

“ಯಾವ ಡೇಟಲ್ಲ?”

“ಗಿರಾಕಿಗಳ ಡೇಟಲ್ಲ. ನಂದು.”

“ನಿಂದೇ ಡೇಟು. ಇನ್ಯಾರು ಕೊಡ್ತಾರೆ, ಕಾಜದಕ್ಕ ಕೊಡ್ತಾಳಾ?”

“ಕೊಡೋ ಡೇಟಲ್ಲ ರೀ. ಬರೋ ಡೇಟು.”

“ಕೊಟ್ಟ ಮೇಲೆ ಬರಲೇಬೇಕಲ್ವೇನೇ?”

ಅವಳು ಹಣೆ ಚಚ್ಚಿಕೊಂಡಳು. ಅತ್ತೆ ಬೆಳ್ಳುಳ್ಳಿಯಿಂದ ತಲೆಯೆತ್ತದೆ, “ಅವಳು ತಿಂಗಳಾಗೋದರ ಬಗ್ಗೆ ಹೇಳ್ತಿದ್ದಾಳೆ ಕಣೋ,” ಎಂದರು. ಆಮೇಲೆ ಸೊಸೆಗೆ, “ಅದಕ್ಯಾಕೆ ಇಷ್ಟು ರಂಪ? ಆಗ ನಂಗೂ ಕಾಲು ಸೋಲ್ತಿತ್ತು. ಎಲ್ಲ ಹೆಂಗಸರಿಗೂ ಇದ್ದದ್ದೇ ತಾನೇ,” ಎಂದರು. ಅರ್ಥವಾಗದವರಿಗಿಂತ ಅರ್ಥವಾಗಿ ಹೀಗೆ ತಳ್ಳಿಹಾಕುವವರ ಮೇಲೆ ಡೇಟಮ್ಮನಿಗೆ ಇನ್ನೂ ಹೆಚ್ಚು ಕೋಪ ಬಂತು. ಅತ್ತೆ ಕಾಲು ಸೋತಾಗ ಗೋಡೆ ಹಿಡಿದು ನಡೆಯಬೇಕಿತ್ತೇ, ಅತ್ತೆಗೆ ಒಂದು ಸೂಜಿ ಎರಡಾಗಿ ಕಾಣುತ್ತಿತ್ತೇ ಎಂದು ಕೇಳಬೇಕೆನಿಸಿತು.

ಗಂಡ ಕೆಂಪಾಗಿದ್ದ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, “ಅದಾ? ಅದಕ್ಕೂ ವೈರಿಂಗಿಗೂ ಏನು ಸಂಬಂಧ? ಅದೇ ಬೇರೆ ಲೈನು, ಇದೇ ಬೇರೆ ಲೈನು,” ಎಂದ. “ಸುಮ್ನೆ ಅಂಗಡಿ ಉಳಿಸಿಕೊಳ್ಳೋಕೆ ಏನೇನೋ ಹೇಳ್ಬೇಡ. ನಾಳಿದ್ದು ಡಾಕ್ಟ್ರ ಹತ್ರ ಹೋಗೋದಿದೆಯಲ್ಲ, ಅವರು ಹೌದು ಅಂದ್ರೆ ಒಪ್ಕೋತೀನಿ.”

ಡಾಕ್ಟರ ಹತ್ತಿರ ಹೋದ ದಿನ ಆಸ್ಪತ್ರೆಯ ಬಾಗಿಲಿನ ತನಕ ಜನ. ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು, ಒಬ್ಬ ಕಾಂಪೌಂಡರ್ ಒಳಗೆ ಹೊರಗೆ ಓಡಾಡುತ್ತಿದ್ದ, ಮೂಲೆಯಲ್ಲಿ ಕಲಿಯಲು ಬಂದಿದ್ದ ಇಬ್ಬರು ಎಳೆಯ ಡಾಕ್ಟರುಗಳು ನಿಂತಿದ್ದರು. ಡೇಟಮ್ಮ ಕೂತ ಕೂಡಲೇ ಗಂಡ, “ಸಾರ್, ಅಂಗಡಿ ಬಿಡ್ತಿದ್ದೀವಿ,” ಎಂದು ಶುರುಮಾಡಿದ. ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು. ಅವನು ನಿಲ್ಲಿಸಿದ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ಗಂಡನೆದುರು ಅವಳಿಗೆ ಮಾತಾಡಲು ಜಾಗ ಸಿಕ್ಕಿತು.

“ಸಾರ್, ಮುಟ್ಟಾಗೋಕೆ ಮುಂಚೆ ಜಾಸ್ತಿ ಆಗುತ್ತೆ,” ಎಂದಳು. ದನಿ ಅವಳದೇ ಕಿವಿಗೆ ಬೇರೆಯವರದು ಎಂಬಂತೆ ಕೇಳಿತು. “ಪ್ರತಿ ತಿಂಗಳೂ. ಶುರುವಾದ ಮೇಲೆ ತಾನಾಗಿ ಇಳಿಯುತ್ತೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಇದನ್ನ ಮೊದಲೇ ಹೇಳ್ಬೇಕಲ್ವೇನಮ್ಮ?”

“ನೀವು ಮೊದಲು ಕೇಳಿದ ದಿನವೇ ಹೇಳಿದ್ದೆ ಸಾರ್. ಡೇಟ್ ಹತ್ರ ಬಂದಾಗ ಅಂತ.”

ಎಳೆಯ ಡಾಕ್ಟರಲ್ಲಿ ಹೆಂಗಸಾಗಿದ್ದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರಿಗೂ ನಗು ಬಂತು. ಡೇಟಮ್ಮನ ಮುಖ ನೋಡಿ ನಿಂತುಹೋಯಿತು. “ಯಾವ ಡೇಟು ಅಂತ ನಾನಾದ್ರೂ ಕೇಳ್ಬೇಕಿತ್ತು,” ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಒಂದೊಂದೇ ಕೇಳತೊಡಗಿದರು. ಕಾಣಿಸುವುದು ಹಳೆಯ ತೊಂದರೆಗಳೇನಾ, ಹೊಸದೇನಾದರೂ ಇದೆಯಾ, ಜ್ವರ ಬಂದಾಗ, ಬಿಸಿನೀರು ಮೈಮೇಲೆ ಬಿದ್ದಾಗ ಹೀಗೇ ಆಗುತ್ತದಾ ಎಂದು. ಆಗುತ್ತದೆ, ಇಸ್ತ್ರಿಪೆಟ್ಟಿಗೆಯ ಹತ್ತಿರ ನಿಂತರೂ ಆಗುತ್ತದೆ ಎಂದಳು.

“ಈ ಕಾಯಿಲೆ ಇರೋ ಎಲ್ಲ ಹೆಂಗಸರಿಗೂ ಹೀಗಾಗಲ್ಲ,” ಎಂದರು ಡಾಕ್ಟರು. “ಕೆಲವರಿಗೆ ಆಗುತ್ತೆ. ಯಾಕೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈ ಸ್ವಲ್ಪ ಬಿಸಿ ಏರಿರುತ್ತೆ, ಹಾರ್ಮೋನುಗಳು ಏರಿಳಿಯುತ್ತೆ. ಪೆಟ್ಟು ತಿಂದ ನರಕ್ಕೆ ಅಷ್ಟೂ ತಡೆಯೋಕಾಗಲ್ವೇನೋ. ಆದ್ರೆ ಇದು ಹೊಸ ಹೊಡೆತ ಅಲ್ಲ. ಹಳೇ ಗಾಯಾನೇ ತಲೆಯೆತ್ತಿ ಮಲಗೋದು. ಇದಕ್ಕೆಲ್ಲ ಡ್ರಿಪ್ ಬೇಕಾಗಿರ್ಲಿಲ್ಲ. ಹೊಸದೇನಾದ್ರೂ ಬಂದ್ರೆ, ಮುಟ್ಟು ಬಂದ ಮೇಲೂ ಇಳೀದೆ ಹೋದ್ರೆ, ಆಗ ಮಾತ್ರ ತಡಮಾಡದೆ ಬನ್ನಿ. ಟೆನ್ಷನ್ ಮಾತ್ರೆ ಒಂದೇ ಸಲ ನಿಲ್ಲಿಸೋದು ಬೇಡ, ಇಳಿಸ್ತಾ ಹೋಗೋಣ. ಹೆಂಗಸರ ಡಾಕ್ಟ್ರ ಜೊತೇನೂ ಒಂದು ಸಲ ಮಾತಾಡ್ತೀನಿ.”

“ಅಂಗಡಿ ಸಾರ್?” ಎಂದಳು ಡೇಟಮ್ಮ. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

“ಅಂಗಡಿ ಯಾಕೆ ಮುಚ್ತೀರಿ? ಆ ನಾಲ್ಕು ದಿನ ಬಿಸಿಯಿಂದ ದೂರ ಇರಿ, ಕಣ್ಣಿಗೆ ಕಷ್ಟ ಆಗೋ ಕೆಲಸ ಇಟ್ಕೋಬೇಡಿ, ಫ್ಯಾನು ಹಾಕ್ಕೊಳ್ಳಿ.”

ಗಂಡ ಅಷ್ಟು ಹೊತ್ತೂ ತನ್ನ ಅಂಗೈಯನ್ನೇ ನೋಡುತ್ತಿದ್ದ. ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತು, “ಬಿಸಿಗೆ ವೈರಿಂಗ್ ಸೋಲೋದು ನಿಜ ಕಣೇ. ಅದನ್ನ ನಾನೇ ಯೋಚನೆ ಮಾಡ್ಬೇಕಿತ್ತು,” ಎಂದ. ಇಷ್ಟಾದಮೇಲೂ ಅದು ಅವನ ಇಲಾಖೆಯೇ. ಅವಳಿಗೆ ಜಗಳವಾಡಲೂ ತ್ರಾಣವಿರಲಿಲ್ಲ.

ತಿಂಗಳ ಕೊನೆಗೆ ಡ್ರೈಕ್ಲೀನಿಂಗಿನವನು ಬಡಗಿಯನ್ನು ಕರೆದುಕೊಂಡು ಅಂಗಡಿಗೆ ಬಂದ. ಅಂಗಡಿ ಬಿಡುವುದಿಲ್ಲವೆಂದು ಅವನಿಗೆ ತಿಳಿಸಿದ್ದೇನೆ ಎಂದು ಗಂಡ ಅವಳಿಗೆ ಹೇಳಿದ್ದ. ತಿಳಿಸಿರಲಿಲ್ಲ ಎನ್ನುವುದು ಬಡಗಿಯ ಗರಗಸ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಅಂಗಡಿ ತುಂಬ ಜನವಿದ್ದರು. ಹೆಡ್‌ಮಿಸ್ಸು ಕೂಡ ಬಂದಿದ್ದರು; ಬಟ್ಟೆ ಅಂಗಡಿಯವನ ಹತ್ತಿರ ಅದೇ ಥಾನಿನಲ್ಲಿ ಒಂದು ತುಂಡು ಉಳಿದಿತ್ತೆಂದು ತಾವೇ ತಂದುಕೊಟ್ಟು, ಬೆಂಚಿನ ಮೇಲೆ ಕೂತಿದ್ದರು. ಡೇಟಮ್ಮ ಆ ಬೂದು ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಮಾದರಿ ಕಾಗದವನ್ನು ಮಗುಚಿಟ್ಟು ಗೆರೆ ಎಳೆಯುತ್ತಿದ್ದಳು. ಅವತ್ತು ಗೆರೆ ಒಂದೇ ಇತ್ತು. ಗಂಡ ಏಣಿಯ ಮೇಲೆ ನಿಂತು ಅವಳ ತಲೆಯ ಮೇಲೆ ಹೊಸ ಫ್ಯಾನು ಕಟ್ಟುತ್ತಿದ್ದ.

“ಏನಣ್ಣ, ಬಿಡೋ ಅಂಗಡಿಗೆ ಫ್ಯಾನು ಹಾಕ್ತಿದ್ದೀರಾ?” ಎಂದ ಡ್ರೈಕ್ಲೀನಿಂಗಿನವನು.

ಗಂಡ ಏಣಿಯ ಮೇಲೆಯೇ ತಡವರಿಸಿದ. “ಅದು ಏನಾಯ್ತು ಅಂದ್ರೆ... ಡಾಕ್ಟ್ರು ಹೇಳಿದ್ರು, ತೊಂದರೆ ಆ ಡೇಟಿಂದ ಅಲ್ವಂತೆ. ಬೇರೆ ಡೇಟಂತೆ.”

“ಹಂಗಾದ್ರೆ ಆ ಬೇರೆ ಡೇಟ್ ಹೇಳಿಬಿಡಿ. ಅವತ್ತೇ ಬರ್ತೀನಿ.”

ಕಾಜದಕ್ಕ ಮೆಷಿನ್ನಿನ ಹಿಂದೆ ಬಗ್ಗಿ ಮಾಯವಾದಳು. ಗಂಡ ಮೇಲಿನಿಂದ ಹೆಂಡತಿಯನ್ನು ನೋಡಿದ, ಹೆಂಡತಿ ಅವನನ್ನು ನೋಡಿದಳು. ಅವನ ಬಾಯಿಂದ ಅದು ಈ ಜನ್ಮದಲ್ಲಿ ಹೊರಡುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಸೀಮೆಸುಣ್ಣ ಕೆಳಗಿಟ್ಟಳು.

“ನೋಡಪ್ಪ,” ಎಂದಳು ಡ್ರೈಕ್ಲೀನಿಂಗಿನವನಿಗೆ. “ನಂಗೆ ಮುಟ್ಟಾಗೋಕೆ ಮುಂಚೆ ನಾಲ್ಕು ದಿನ ಕಾಯಿಲೆ ಕೆರಳುತ್ತೆ. ಮುಟ್ಟು. ಅದಕ್ಕೆ ನಾನು ಡೇಟ್ ಅಂದೆ, ಇವರೆಲ್ಲ ಅಂಗಡಿ ಡೇಟ್ ಅಂದ್ಕೊಂಡ್ರು. ನನ್ನ ಅಂಗಡಿ ನಾನು ಬಿಡಲ್ಲ. ನಿನಗೆ ತೊಂದರೆ ಆಯ್ತು, ಕ್ಷಮಿಸಪ್ಪ.”

‘ನಂಗೂ ಮೊದ್ಲು ಹಂಗೇ’ ಎಂದು ತಾನು ಹೇಳಿದ್ದು ಡ್ರೈಕ್ಲೀನಿಂಗಿನವನಿಗೆ ನೆನಪಾಗಿರಬೇಕು, ಮೀಸೆಯವರೆಗೂ ಕೆಂಪಾಗಿ, ಬಡಗಿಯ ರಟ್ಟೆ ಹಿಡಿದುಕೊಂಡು ಅಲ್ಲಿಂದ ಕಾಲ್ಕಿತ್ತ. ಹೆಡ್‌ಮಿಸ್ಸು ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತು, “ನನ್ನ ಕೋಟಿಗೆ ಆತುರ ಇಲ್ಲಮ್ಮ. ನಿಮ್ಮ ಡೇಟ್ ನೋಡ್ಕೊಂಡು ನಂಗೆ ಡೇಟ್ ಕೊಡಿ,” ಎಂದರು.

ಗಂಡ ಏಣಿಯಿಂದ ಇಳಿದು ಅವಳ ಪಕ್ಕ ಬಂದು ನಿಂತ. ಬೆವರು ಒರೆಸಿಕೊಂಡು, ಯಾರಿಗೂ ಕೇಳದಂತೆ ಹೇಳಿದ, “ಹೇಳಿದ್ದು ಸರಿ. ಅಷ್ಟು ಜೋರಾಗಿ ಹೇಳ್ಬೇಕಿತ್ತಾ?”

“ಮೆಲ್ಲಗೆ ಹೇಳಿ ಹೇಳಿಯೇ ಮೂರು ವರ್ಷ ಹೋಯ್ತು ರೀ,” ಎಂದು ಡೇಟಮ್ಮ ಕತ್ತರಿ ಎತ್ತಿಕೊಂಡು ಬಲಗೈ ತೋಳು ಕತ್ತರಿಸತೊಡಗಿದಳು.